ಪಾರ್ಲರಿನಲ್ಲಿ ಅಂಟಿಕೊಂಡ ನನ್ನ ಬಲಗಣ್ಣು

ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿರುವ ನನಗೆ ಟೇಪಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ತೋಟದ ಬೋರಿನಲ್ಲಿ ಸುಟ್ಟುಹೋದ ಮೋಟರ್ ನನ್ನ ಅಂಗಡಿಗೆ ಬಂದರೆ ಹಳೆಯ ತಂತಿ ಬಿಚ್ಚಿ, ಹೊಸದು ಸುತ್ತಿ, ಮೇಲೆ ಟೇಪು ಬಿಗಿದು, ವಾರ್ನಿಷ್ ಕುಡಿಸಿ ಕಳಿಸುತ್ತೇನೆ. ನಾನು ಬಿಗಿದ ಟೇಪು ಅಲ್ಲಾಡಿತು ಎಂದು ಇದುವರೆಗೆ ಯಾರೂ ವಾಪಸ್ ಬಂದಿಲ್ಲ. ಹೀಗಿರುವಾಗ ನನ್ನ ಹೆಂಡತಿ ಶೋಭಾಳಿಗೆ ಟೇಪಿನಿಂದ ತೊಂದರೆ ಬಂದರೆ ಅದನ್ನು ಪರಿಹರಿಸುವ ಜವಾಬ್ದಾರಿ ಯಾರದು? ನನ್ನದೇ. ಅವಳು ಕೇಳಿರಲಿಲ್ಲ, ಅದು ಬೇರೆ ಮಾತು.

ಶೋಭಾ ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕೆಳಗೆ ನಾನು ಮೋಟರ್ ರಿಪೇರಿ, ಮೇಲೆ ಅವಳು ಮುಖ ರಿಪೇರಿ ಎಂದು ಒಮ್ಮೆ ತಮಾಷೆ ಮಾಡಿದ್ದೆ. ಮೆಟ್ಟಿಲ ಮೇಲೆ ಬರುತ್ತಿದ್ದ ಅವಳ ಗಿರಾಕಿಯೊಬ್ಬರು ಅದನ್ನು ಕೇಳಿಸಿಕೊಂಡು ಹಾಗೇ ಇಳಿದು ಹೋದರು. ಆಮೇಲೆ ಆ ತಮಾಷೆಯನ್ನು ನಾನು ಮಾಡಿಲ್ಲ.

ಈ ವರ್ಷ ಅವಳು ತುಮಕೂರಿಗೆ ಹೋಗಿ ಒಂದು ವಾರ ಹೊಸ ಕೆಲಸ ಕಲಿತು ಬಂದಳು. ಕಣ್ಣಿನ ರೆಪ್ಪೆಗೂದಲಿಗೆ ಇನ್ನೊಂದು ತೆಳ್ಳನೆಯ ಕೂದಲು ಅಂಟಿಸಿ ಉದ್ದ ಮಾಡುವುದು. ಗಿರಾಕಿಯನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಚಿಮಟ ಹಿಡಿದು ಒಂದು ಕೂದಲಿಗೆ ಒಂದು ಕೂದಲಿನಂತೆ ಎರಡು ಗಂಟೆ ಅಂಟಿಸಬೇಕು. ಮೇಲಿನ ರೆಪ್ಪೆಗೆ ಅಂಟು ಹಾಕುವಾಗ ಕೆಳಗಿನ ರೆಪ್ಪೆಯ ಕೂದಲು ಅದಕ್ಕೆ ತಾಕಬಾರದಲ್ಲ, ಅದಕ್ಕಾಗಿ ಕೆಳಗಿನ ಕೂದಲನ್ನು ಟೇಪಿನಿಂದ ಕೆನ್ನೆಯ ಕಡೆಗೆ ಒತ್ತಿ ಕೂರಿಸುತ್ತಾರೆ. ತೊಂದರೆ ಶುರುವಾದದ್ದು ಈ ಟೇಪಿನಿಂದಲೇ.

ಅಭ್ಯಾಸಕ್ಕೆಂದು ಶೋಭಾ ಮೊದಲು ಮಲಗಿಸಿದ್ದು ಶೆಟ್ಟಿಕೆರೆಗೆ ಕೊಟ್ಟಿರುವ ತನ್ನ ತಂಗಿ ಲತಾಳನ್ನು. ರೆಪ್ಪೆ ಚೆನ್ನಾಗಿಯೇ ಬಂತು. ಆದರೆ ಟೇಪು ತೆಗೆದಾಗ ಎರಡೂ ಕಣ್ಣಿನ ಕೆಳಗೆ ಕೆಂಪಗೆ ಪಟ್ಟೆ ಎದ್ದಿತ್ತು. ಕಡಿತ ತಾಳಲಾರದೆ ಅವಳು ಉಜ್ಜಿದಳು, ಪಟ್ಟೆ ಊದಿಕೊಂಡಿತು. ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ ನನ್ನ ಷಡ್ಡಕ ಅವಳ ಪಕ್ಕದಲ್ಲೇ ಬಸ್ಸಿನಲ್ಲಿ ಕೂತ. ಬಸ್ಸಿನಲ್ಲಿದ್ದ ಹೆಂಗಸರು ಮೊದಲು ಅವಳ ಕಣ್ಣು ನೋಡಿದರಂತೆ, ಆಮೇಲೆ ಅವನ ಕೈ ನೋಡಿದರಂತೆ. ವಯಸ್ಸಾದವರೊಬ್ಬರು ಲತಾಳನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, "ಎಷ್ಟು ದಿನ ಅಂತ ತಡಕಂತೀಯ ಮಗಾ, ತವರಿಗೆ ಹೋಗ್ಬುಡು" ಅಂದರಂತೆ. ಆವತ್ತಿನಿಂದ ಷಡ್ಡಕ ನಮ್ಮ ಫೋನು ಎತ್ತುತ್ತಿಲ್ಲ.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತು ಎಂದು ಬಿಡಬಹುದಿತ್ತು. ಆದರೆ ಬಿಳಿಗೆರೆಯ ಜಯಮ್ಮನವರು ತಮ್ಮ ಮಗಳು ಪಲ್ಲವಿಯ ಮದುವೆಗೆ ಪೂರ್ತಿ ಅಲಂಕಾರವನ್ನು ಶೋಭಾಳಿಗೇ ಒಪ್ಪಿಸಿದ್ದರು. ರೆಪ್ಪೆಯೂ ಬೇಕು ಎಂದು ಪಲ್ಲವಿ ಆಸೆಪಟ್ಟಿದ್ದಳು. ಶೋಭಾ ಇದುವರೆಗೆ ಹುಬ್ಬು ತಿದ್ದಿದ್ದಳು, ಫೇಶಿಯಲ್ ಮಾಡಿದ್ದಳು. ಮದುವೆ ಹೆಣ್ಣಿನ ಪೂರ್ತಿ ಕೆಲಸ ಇದೇ ಮೊದಲು. ಬಸ್ಸಿನ ಸುದ್ದಿ ಹೇಗೋ ಜಯಮ್ಮನವರಿಗೆ ಮುಟ್ಟಿತ್ತು.

"ನನ್ನ ಮಗಳು ಹಸೆ ಮೇಲೆ ಅತ್ತೋಳ ಹಂಗೆ ಕಾಣಬಾರ್ದು ಕಣವ್ವ. ಕಣ್ ಕೆಂಪಾದ್ರೆ ರೆಪ್ಪೇನೂ ಬ್ಯಾಡ, ಅಲಂಕಾರನೂ ಬ್ಯಾಡ" ಎಂದು ಫೋನಿನಲ್ಲೇ ಹೇಳಿದ್ದರು.

ಆವತ್ತು ಶೋಭಾ ಸರಿಯಾಗಿ ಊಟ ಮಾಡಲಿಲ್ಲ. ಟೇಪಿನ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ಅದನ್ನು ಇಸಿದುಕೊಂಡು ನೋಡಿದೆ. ಬೆಳ್ಳಗೆ, ಕಾಗದದ ಹಾಗೆ ಹಗುರ. ಇಂಥ ಬಡಪಾಯಿ ಟೇಪು ಒಬ್ಬ ಹೆಂಗಸಿನ ಮುಖವನ್ನು ಹಾಗೆ ಮಾಡಬಲ್ಲದೇ ಎಂದು ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಟೇಪು ಚರ್ಮಕ್ಕೆ ಏನು ಮಾಡುತ್ತದೆ? ಅದರ ಅಂಟು ಕಚ್ಚುತ್ತದೋ, ಒಳಗಿನ ಬೆವರು ಕಚ್ಚುತ್ತದೋ? ಇಷ್ಟು ವರ್ಷ ಟೇಪು ಸುತ್ತಿದ್ದೇನೆ, ಆ ಕಡೆಯ ವಸ್ತುವಿಗೆ ಹೇಗನಿಸುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮೋಟರ್ ಹೇಳುವುದಿಲ್ಲವಲ್ಲ.

ಮಾರನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನೇ ಈ ವಿಷಯದ ಕೂಲಂಕಷ ಅಧ್ಯಯನ ಕೈಗೊಂಡೆ. ನನ್ನ ಎಡಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಏಳು ಬಗೆಯ ಟೇಪಿನ ತುಂಡು ಅಂಟಿಸಿದೆ. ವೈರಿಗೆ ಸುತ್ತುವ ಕಪ್ಪು ಟೇಪು, ಡಬ್ಬಕ್ಕೆ ಹಚ್ಚುವ ಕಂದು ಟೇಪು, ಗಾಯಕ್ಕೆ ಹಾಕುವ ಬಟ್ಟೆ ಟೇಪು, ಶೋಭಾಳ ಡ್ರಾಯರಿನಿಂದ ತಂದ ಕಾಗದದ ಟೇಪು, ಹೀಗೆ. ಪ್ರತಿಯೊಂದರ ಮೇಲೂ ಪೆನ್ನಿನಿಂದ ಸಂಖ್ಯೆ ಬರೆದೆ. ಯಾವುದನ್ನು ಅಂಟಿಸುವಾಗಲೂ ನಮ್ಮ ಕಸುಬಿನ ಪದ್ಧತಿಯಂತೆ ಚೆನ್ನಾಗಿ ಎಳೆದು, ಬಿಗಿಯಾಗಿ ಅಂಟಿಸಿದೆ.

ಮೋಟರ್ ಕೇಳಿಕೊಂಡು ಬಂದ ದಬ್ಬೇಘಟ್ಟದ ರೈತರೊಬ್ಬರು ನನ್ನ ಕೈ ನೋಡಿ ಸ್ವಲ್ಪ ಹಿಂದೆ ಸರಿದರು.

"ಏನಾತು ಲೋಕಣ್ಣ, ಕರೆಂಟ್ ಹೊಡೀತಾ?"

"ಇಲ್ಲ ಕಣ್ರೀ, ಪರೀಕ್ಷೆ ಮಾಡ್ತಾ ಇದ್ದೀನಿ."

"ಡಾಕ್ಟ್ರು ಮಾಡಕ್ಕೆ ಹೇಳವ್ರಾ?"

"ಇಲ್ಲ, ನಾನೇ."

ಅವರು ಇನ್ನೇನೂ ಕೇಳದೆ, ಮೋಟರ್ ನಿಧಾನವಾಗಿಯೇ ಆಗಲಿ ಬುಡಿ ಎಂದು ಹೇಳಿ ಹೋದರು.

ಎರಡು ಗಂಟೆಯಾದ ಮೇಲೆ ಒಂದನೆಯ ಸಂಖ್ಯೆಯ ಟೇಪಿನ ತುದಿ ಹಿಡಿದು, ಅಂಗಡಿಯಲ್ಲಿ ಹಳೆಯ ಟೇಪು ಕೀಳುವ ಹಾಗೆಯೇ ಒಂದೇ ಏಟಿಗೆ ಮೇಲಕ್ಕೆ ಎಳೆದೆ. ಟೇಪಿನ ಜೊತೆ ನನ್ನ ಕೈಕೂದಲೂ ಬಂತು. ನಾನು ಹಾಕಿದ ಕೂಗಿಗೆ ಮೇಲಿನ ಮಹಡಿಯಿಂದ ಶೋಭಾ ಇಳಿದು ಬಂದಳು. ಆದರೂ ಅಧ್ಯಯನವನ್ನು ಅರ್ಧಕ್ಕೆ ನಿಲ್ಲಿಸುವವನು ನಾನಲ್ಲ. ಉಳಿದ ಆರನ್ನೂ ಕಿತ್ತೆ. ಕೊನೆಗೆ ನನ್ನ ಕೈ ಮೇಲೆ ಏಳು ಕೆಂಪು ಚೌಕಗಳಿದ್ದವು. ಒಂದಕ್ಕಿಂತ ಒಂದು ಕೆಂಪು. ಕಾಗದದ ಟೇಪಿಗೂ ಕಂದು ಟೇಪಿಗೂ ಏನೂ ವ್ಯತ್ಯಾಸವಿರಲಿಲ್ಲ.

ಶೋಭಾ ಕೈ ನೋಡಿದಳು. ಏನು ಮಾಡಿದೆ, ಹೇಗೆ ಅಂಟಿಸಿದೆ, ಹೇಗೆ ಕಿತ್ತೆ ಎಂದೆಲ್ಲ ಕೇಳಿದಳು. ಹೇಳಿದೆ.

"ಎಳೆದು ಅಂಟಿಸಿದ್ರಾ?" ಎಂದಳು.

"ಮತ್ತಿನ್ನೇನು, ಸಡಿಲ ಬಿಟ್ಟರೆ ಟೇಪು ಅಂತಾರಾ ಅದನ್ನ?"

"ನಾನೂ ಲತಾಗೆ ಎಳೆದೇ ಅಂಟಿಸಿದ್ದೆ ಕಣ್ರೀ. ಕೂದಲು ಕೂರಲ್ಲ ಅಂತ. ಎಳೆದು ಅಂಟಿಸಿದ್ರೆ ಟೇಪು ತಿರುಗಿ ಸೆಳ್ಕಳಲ್ವಾ, ಚರ್ಮನೂ ಜೊತೆಗೆ ಎಳೀತಾ ಇರುತ್ತೆ. ಎರಡು ಗಂಟೆ." ಅವಳು ನನ್ನ ಕೈಯನ್ನೇ ನೋಡುತ್ತಾ ತನ್ನಷ್ಟಕ್ಕೆ ಹೇಳಿಕೊಂಡಳು. "ಕೀಳೋದೂ ಅಷ್ಟೇ. ಮೇಲಕ್ಕೆ ಕೀಳಬಾರದು. ಒದ್ದೆ ಮಾಡಿ, ಚರ್ಮಾನ ಬೆರಳಲ್ಲಿ ಒತ್ತಿ ಹಿಡಿದು, ಹಿಂದಕ್ಕೆ ಮಡಚಿಕೊಂಡು ಬರಬೇಕು."

ಇಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಅವಳಿಗೆ ಅರ್ಧ ಉತ್ತರ ಸಿಕ್ಕಿತ್ತು ಎಂದು ನನಗೆ ಈಗ ತಿಳಿಯುತ್ತದೆ. ಆಗ ನನಗನಿಸಿದ್ದು, ನನ್ನ ಅಧ್ಯಯನಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ ಎಂದು ಮಾತ್ರ.

ಮನೆಗೆ ಹೋದಾಗ ಅವ್ವ ನನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿದರು. ಉರಿ ಆ ಕ್ಷಣಕ್ಕೆ ಇಳಿಯಿತು. ನಮ್ಮ ಕಡೆ ಕೊಬ್ಬರಿ ಎಣ್ಣೆಯನ್ನು ತಲೆಗೆ, ಸುಟ್ಟ ಗಾಯಕ್ಕೆ, ಬಾಗಿಲ ಕೀಲಿಗೆ, ಕೂಸಿನ ಹೊಟ್ಟೆಗೆ ಹಚ್ಚುತ್ತಾರೆ. ನನಗೆ ತಲೆಯಲ್ಲಿ ಬಲ್ಬು ಹತ್ತಿದಂತಾಯಿತು. ಟೇಪು ತೆಗೆದ ಮೇಲೆ ಹಚ್ಚುವ ಎಣ್ಣೆಯನ್ನು ಮೊದಲೇ ಹಚ್ಚಿಬಿಟ್ಟರೆ? ಟೇಪಿಗೂ ಚರ್ಮಕ್ಕೂ ನಡುವೆ ತೆಳ್ಳಗೆ ಎಣ್ಣೆಯ ಪದರ ಇದ್ದರೆ ಟೇಪು ಕಚ್ಚುವುದಾದರೂ ಏನನ್ನು? ನಾವು ಮೋಟರಿಗೆ ವಾರ್ನಿಷ್ ಕುಡಿಸುವುದೂ ಒಂದು ಪದರಕ್ಕಾಗಿಯೇ. ತಿಪಟೂರಿನಲ್ಲೇ ಹುಟ್ಟಿ ಬೆಳೆದ ಪರಿಹಾರವನ್ನು ತುಮಕೂರಿನವರು ಹೇಳಿಕೊಟ್ಟಿಲ್ಲವಲ್ಲ ಎಂದು ಮರುಗಿದೆ.

ಶೋಭಾಳಿಗೆ ಹೇಳಿದೆ. "ಎಣ್ಣೆ ಬ್ಯಾಡವೇ ಬ್ಯಾಡ. ಆ ಅಂಟಿಗೆ ಎಣ್ಣೆ ಆಗಲ್ಲ. ಮುಖದಲ್ಲಿ ಜಿಡ್ಡು ಇದ್ರೆ ಒರೆಸಿ ಶುರು ಮಾಡ್ಬೇಕು ಅಂತಾನೇ ಮೊದಲ ದಿನ ಹೇಳಿದ್ರು" ಎಂದಳು.

ಹೇಳಿದವರು ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳಿದೆ. ಅವಳು ಉತ್ತರ ಕೊಡದೆ ಒಲೆಯ ಕಡೆ ತಿರುಗಿದಳು. ಇದು ನನಗೆ ಅನುಮತಿಯಂತೆ ಕಂಡಿತು.

ಮಂಗಳವಾರ ಪಾರ್ಲರಿಗೆ ರಜೆ. ಶೋಭಾಳಿಗೆ ಮದುವೆಗೆ ಮುಂಚೆ ಇನ್ನೊಮ್ಮೆ ಕೈ ಪಳಗಿಸಿಕೊಳ್ಳಬೇಕಾಗಿತ್ತು. ಲತಾ ಬರುವುದಿಲ್ಲ ಎಂದಿದ್ದಳು. ಅಕ್ಕಪಕ್ಕದ ಮನೆಯವರಿಗೆ ಆವತ್ತೇ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಬಂದಿತ್ತು. "ನಾನಿದ್ದೀನಲ್ಲ" ಎಂದೆ. ಶೋಭಾ ನನ್ನ ಮೀಸೆ ನೋಡಿದಳು, ರೆಪ್ಪೆ ನೋಡಿದಳು, ಬೇರೆ ದಾರಿಯಿಲ್ಲ ಎಂದು ಒಪ್ಪಿದಳು.

"ಎರಡು ಕಂಡಿಷನ್. ಕಣ್ಣು ತೆಗೆಯೋ ಹಂಗಿಲ್ಲ. ಬಾಯಿನೂ ತೆಗೆಯೋ ಹಂಗಿಲ್ಲ. ಮಾತಾಡಿದ್ರೆ ಕೆನ್ನೆ ಅಲ್ಲಾಡುತ್ತೆ."

ಮಲಗಿದೆ. ಅವಳು ನನ್ನ ಕಣ್ಣಿನ ಕೆಳಗೆ ಒದ್ದೆ ಹತ್ತಿಯಿಂದ ಚೆನ್ನಾಗಿ ಒರೆಸಿ, ಒಣಗಲಿ ಎಂದು ಬಿಟ್ಟು, ಬಾಗಿಲ ಬಳಿಯ ನಲ್ಲಿಯಲ್ಲಿ ಕೈ ತೊಳೆಯಲು ಹೋದಳು. ನನಗೆ ಬೇಕಾಗಿದ್ದೂ ಅದೇ. ಜೇಬಿನಲ್ಲಿ ಎಣ್ಣೆ ಅದ್ದಿದ ಹತ್ತಿ ಇಟ್ಟುಕೊಂಡು ಬಂದಿದ್ದೆ. ಬಲಗಣ್ಣಿನ ಕೆಳಗೆ ಸವರಿದೆ. ಎಡಗಣ್ಣನ್ನು ಹಾಗೇ ಬಿಟ್ಟೆ. ಎರಡನ್ನೂ ಹೋಲಿಸಿ ನೋಡದಿದ್ದರೆ ಅದು ಪರೀಕ್ಷೆಯೇ ಅಲ್ಲ. ಆ ಗಳಿಗೆಯಲ್ಲಿ ನನ್ನ ವಿಧಾನದ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಶೋಭಾ ಬಂದು ಎಡಗಣ್ಣಿಗೆ ಟೇಪು ಹಾಕಿದಳು. ಮೊದಲು ಟೇಪನ್ನು ತನ್ನ ಮುಂಗೈಗೆ ಎರಡು ಸಲ ಅಂಟಿಸಿ ಕಿತ್ತು, ಅದರ ಬಿರುಸು ಕಳೆದು, ಎಳೆಯದೆ ಸುಮ್ಮನೆ ಕೂರಿಸಿದಳು. ನನಗೆ ಏನೋ ಬಂದು ಕೂತ ಹಾಗೂ ಆಗಲಿಲ್ಲ. ಬಲಗಣ್ಣಿಗೆ ಬಂದಳು. ಟೇಪು ನಿಲ್ಲಲಿಲ್ಲ.

"ಇದ್ಯಾಕ್ರೀ ಈ ಕಡೆ ಇಷ್ಟು ಬೆವರ್ತಾ ಇದೆ?"

ಮಾತಾಡುವ ಹಾಗಿರಲಿಲ್ಲ. ಶರತ್ತಿಗೆ ಬದ್ಧನಾಗಿ ಸುಮ್ಮನಿದ್ದೆ. ಅವಳು ಒರೆಸಿ ಮತ್ತೆ ಹಾಕಿದಳು, ಮತ್ತೆ ಜಾರಿತು. ಕೊನೆಗೆ ಗಾಯದ ಬಟ್ಟೆ ಟೇಪನ್ನು ಉದ್ದಕ್ಕೆ ಕತ್ತರಿಸಿ, ಕಣ್ಣಿನ ಕೆಳಗಿನಿಂದ ಮೀಸೆವರೆಗೂ ಒತ್ತಿ ಅಂಟಿಸಿದಳು. ಅದು ನಿಂತಿತು.

ಆಮೇಲೆ ಒಂದು ಗಂಟೆ ಕೂದಲು ಅಂಟಿಸಿದಳು. ನಾನು ಫ್ಯಾನಿನ ಸದ್ದು ಕೇಳುತ್ತಾ ಮಲಗಿದ್ದೆ. ಬಲಗಣ್ಣಿನ ಒಂದಷ್ಟು ಮುಗಿಸಿ ಎಡಗಣ್ಣಿಗೆ ಹೋದಳು. ಆಗ ಬಲಗಡೆ ಟೇಪಿನ ಅಂಚು ಮೆಲ್ಲಗೆ ಜಾರುವುದು ನನಗೆ ಗೊತ್ತಾಯಿತು. ಹೇಳಬಹುದಿತ್ತು. ಹೇಳಿದರೆ ಯಾಕೆ ಜಾರಿತು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಮೂಗು ಕುಣಿಸಿ ಟೇಪನ್ನು ಮತ್ತೆ ಸ್ವಸ್ಥಾನಕ್ಕೆ ತರಲು ನೋಡಿದೆ. ಅದು ಇನ್ನಷ್ಟು ಜಾರಿತು. ಒಳಗೆ ಕಡಿತವೂ ಶುರುವಾಯಿತು. ಅವಳು ಅಂಟಿನ ಬಾಟಲಿ ತೆಗೆದುಕೊಳ್ಳಲು ತಿರುಗಿದಾಗ ಬೆರಳಿನಿಂದ ಒಂದೇ ಒಂದು ಸಲ ಉಜ್ಜಿದೆ.

ಆಗ ಬಾಗಿಲು ತಟ್ಟಿದ ಸದ್ದಾಯಿತು.

"ಶೋಭಾ, ನಾವು ಕಣವ್ವ" ಎಂದು ಜಯಮ್ಮನವರ ದನಿ. ಜೊತೆಯಲ್ಲಿ ಪಲ್ಲವಿಯೂ ಇದ್ದಳು.

ಇವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಭಾನುವಾರ ನಾನು ಬೇರೊಬ್ಬರ ತೋಟಕ್ಕೆ ಮೋಟರ್ ಇಳಿಸಲು ಹೋಗಿದ್ದಾಗ ಶೋಭಾ ಪಲ್ಲವಿಯನ್ನು ಕರೆಸಿ, ಕಿವಿಯ ಹಿಂದೆ ಮೂರು ಬಗೆಯ ಟೇಪಿನ ಚೂರು ಅಂಟಿಸಿ, ಎರಡು ದಿನ ಬಿಟ್ಟು ತೋರಿಸು ಎಂದು ಕಳಿಸಿದ್ದಳಂತೆ.

"ಯಾರವ್ವ ಇದು ಮಲಗಿರೋದು? ಮೀಸೆ ಐತೆ?" ಎಂದರು ಜಯಮ್ಮ.

"ನಮ್ಮನೆಯೋರು ಕಣ್ರೀ. ಅಭ್ಯಾಸ ಮಾಡ್ತಾ ಇದ್ದೆ."

ಗೌರವಸ್ಥ ಗಿರಾಕಿ ಬಂದಾಗ ಮಲಗಿರುವುದು ಸರಿಯಲ್ಲ ಎಂದು ನಾನು ಎದ್ದು ಕೂತು ನಮಸ್ಕಾರ ಮಾಡಿ ಕಣ್ಣು ತೆಗೆದೆ. ಎಡಗಣ್ಣು ತೆರೆಯಿತು. ಬಲಗಣ್ಣು ತೆರೆಯಲಿಲ್ಲ. ಕೆಳಗಿನ ಕೂದಲು ಟೇಪಿನಿಂದ ತಪ್ಪಿಸಿಕೊಂಡು ಮೇಲಿನ ಹಸಿ ಅಂಟಿಗೆ ಸೇರಿ ಒಂದಾಗಿಬಿಟ್ಟಿದ್ದವು. ನಾನು ಒಂದೇ ಕಣ್ಣಿನಲ್ಲಿ, ಅದೂ ಮದುವೆ ಹೆಣ್ಣಿನ ರೆಪ್ಪೆಯಿರುವ ಕಣ್ಣಿನಲ್ಲಿ, ಜಯಮ್ಮನವರನ್ನು ನೋಡಿದೆ.

ಅವರು ಮಗಳ ಕೈ ಹಿಡಿದುಕೊಂಡರು. "ನಡಿ ಪಲ್ಲವಿ, ಹೋಗವ. ಕಟ್ಟಿಕೊಂಡ ಗಂಡನ ಕಣ್ಣನ್ನೇ ಮುಚ್ಚಿಸ್ಬುಟ್ಟವ್ಳೆ, ನಿನ್ನ ಬಿಟ್ಟಾಳಾ?"

ಶೋಭಾಳ ಮುಖ ಬಿಳಿಚಿಕೊಂಡಿತು. ಆದರೆ ಅವಳು ಅವರನ್ನು ತಡೆಯಲಿಲ್ಲ, ಸಮಜಾಯಿಷಿ ಕೊಡಲಿಲ್ಲ. "ಮಲಗಿ" ಎಂದು ನನಗೆ ಹೇಳಿದಳು. "ಮುಟ್ಟಬೇಡಿ, ಬಲವಂತವಾಗಿ ತೆಗೆಯಬೇಡಿ" ಎಂದಳು. ಮುಖದ ಮೇಲೆ ದೀಪ ಇಳಿಸಿ, ಚಿಮಟ ಹಿಡಿದು, ಅಂಟಿದ ಕೂದಲನ್ನು ಒಂದೊಂದಾಗಿ ಬಿಡಿಸಲು ಕೂತಳು. ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಕಣ್ಣಿನ ಬಗ್ಗೆ ಅಲ್ಲ, ಅವಳ ಕೈ ಅಷ್ಟು ಹಗುರವಾಗಿತ್ತು. ಈ ಮದುವೆ ಕೈತಪ್ಪಿದರೆ ಅವಳು ನನಗೆ ಏನೂ ಅನ್ನುವುದಿಲ್ಲ ಎಂಬುದೇ ಹೆದರಿಕೆ.

ಪಲ್ಲವಿ ಹೋಗಲಿಲ್ಲ. "ಇರಮ್ಮ, ನೋಡನ" ಎಂದು ಸ್ಟೂಲು ಎಳೆದುಕೊಂಡು ನನ್ನ ತಲೆಯ ಹತ್ತಿರ ಕೂತಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. ಇದ್ಯಾಕೆ, ಅದ್ಯಾಕೆ ಎಂದು ಒಂದೊಂದೇ ಕೇಳಿದಳು. ಶೋಭಾ ಕೈ ನಿಲ್ಲಿಸದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಜಯಮ್ಮನವರೂ ಮೆಲ್ಲಗೆ ಹತ್ತಿರ ಬಂದು ನಿಂತರು. ಮುಕ್ಕಾಲು ಗಂಟೆಯಲ್ಲಿ ನನ್ನ ಬಲಗಣ್ಣಿಗೆ ಬೆಳಕು ಕಂಡಿತು. ಆಮೇಲೆ ಶೋಭಾ ಎರಡೂ ಕಡೆಯ ಟೇಪನ್ನು ಒದ್ದೆ ಮಾಡಿ, ಮಡಚಿ, ತೆಗೆದಳು.

ಜಯಮ್ಮ ನನ್ನ ಗದ್ದ ಹಿಡಿದು, ಸಂತೆಯಲ್ಲಿ ಕರು ನೋಡುವ ಹಾಗೆ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಎಡಗಣ್ಣಿನ ಕೆಳಗೆ ಏನೂ ಇರಲಿಲ್ಲ. ಬಲಗಣ್ಣಿನ ಕೆಳಗೆ ಮೀಸೆವರೆಗೆ ಕೆಂಪು ಪಟ್ಟೆ.

"ಒಂದೇ ಮುಖ, ಒಂದೇ ಕೈ. ಇದು ಹಿಂಗ್ಯಾಕೆ, ಅದು ಹಂಗ್ಯಾಕೆ?" ಎಂದು ಶೋಭಾಳನ್ನು ಕೇಳಿದರು.

ಶೋಭಾ ಯೋಚಿಸುತ್ತಿದ್ದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತನ್ನದೇ ತಪ್ಪಿರಬೇಕು ಎಂದು ಒಪ್ಪಿಕೊಳ್ಳಲು ಬಾಯಿ ತೆಗೆದಳು ಕೂಡ. ಆಗ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಎಣ್ಣೆಯ ಹತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

"ಈ ಕಡೆ ನಾನು ಕೊಬ್ಬರಿ ಎಣ್ಣೆ ಹಚ್ಚಿದ್ದೆ" ಎಂದೆ. "ಅವಳಿಗೆ ಹೇಳಿರಲಿಲ್ಲ. ಒಂದು ಸಲ ಉಜ್ಜಿದೆ ಕೂಡ."

ಪಲ್ಲವಿ ಸೆರಗಿಲ್ಲದ್ದರಿಂದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

"ಹಂಗಾದ್ರೆ ತಪ್ಪು ಈವಯ್ಯಂದು" ಎಂದು ಜಯಮ್ಮ ತೀರ್ಪು ಕೊಟ್ಟರು. "ನಿನ್ನ ಕೈ ಚೆಂದಾಗೈತೆ ಕಣವ್ವ. ಎಲ್ಲಿ ಪಲ್ಲವಿ, ನಿನ್ನ ಕಿವಿ ತೋರ್ಸು."

ಶೋಭಾ ಪಲ್ಲವಿಯ ಕಿವಿಯ ಹಿಂದಿನ ಚೂರುಗಳನ್ನು ತೆಗೆದು ನೋಡಿದಳು. ಬಟ್ಟೆ ಟೇಪಿನ ಜಾಗ ಕೆಂಪಗಾಗಿತ್ತು, ಇನ್ನೊಂದರದು ತುಸು ಕೆಂಪು. ಕಾಗದದ ಟೇಪಿನ ಜಾಗ ಹಾಗೇ ಇತ್ತು. ಪಲ್ಲವಿಗೆ ಯಾವುದು ಹಾಕಬೇಕು, ಯಾವುದು ಹಾಕಬಾರದು ಎಂಬುದು ಅಷ್ಟರಲ್ಲೇ ತೀರ್ಮಾನವಾಯಿತು. ಏಳು ಟೇಪು, ನನ್ನ ಅರ್ಧ ಕೈಕೂದಲು, ಒಂದು ಕಣ್ಣು, ಇವುಗಳಿಂದ ನಾನು ಕಂಡುಹಿಡಿಯಲು ಹೊರಟಿದ್ದನ್ನು ಶೋಭಾ ಮೂರು ಚೂರು ಟೇಪಿನಲ್ಲಿ ಸದ್ದಿಲ್ಲದೆ ಕಂಡುಹಿಡಿದಿದ್ದಳು.

ಬಲಗಣ್ಣಿನಲ್ಲಿ ಅಂಟಿಸಿದ ಕೂದಲೆಲ್ಲ ಬಿಡಿಸುವಾಗಲೇ ಹೋಗಿತ್ತು. ಎಡಗಣ್ಣಿನದನ್ನೂ ತೆಗೆದುಬಿಡು ಎಂದು ಕೇಳಿಕೊಂಡೆ.

"ತೆಗೆಯಲ್ಲ. ಎಷ್ಟು ದಿನ ನಿಲ್ಲುತ್ತೆ ನೋಡ್ಬೇಕು. ನಿಮಗೂ ಪರೀಕ್ಷೆ ಅಂದ್ರೆ ಇಷ್ಟ ಅಲ್ವಾ?" ಎಂದಳು.

ಹೀಗಾಗಿ ಮುಂದಿನ ದಿನಗಳಲ್ಲಿ ನಾನು ಒಂದು ಕಣ್ಣಿನಲ್ಲಿ ಮೋಟರ್ ವೈಂಡರ್, ಇನ್ನೊಂದು ಕಣ್ಣಿನಲ್ಲಿ ಮದುವೆ ಹೆಣ್ಣಾಗಿ ವ್ಯಾಪಾರ ಮಾಡಿದೆ. ಮೋಟರ್ ತೆಗೆದುಕೊಂಡು ಹೋಗಲು ಬಂದ ದಬ್ಬೇಘಟ್ಟದ ರೈತರು ನನ್ನನ್ನು ಬಹಳ ಹೊತ್ತು ನೋಡಿ, "ಆಗ್ಲಿಂದ ನಂಗೆ ಕಣ್ ಹೊಡೀತಾ ಇದ್ದೀಯೇನೋ ಅನ್ಕಂಡಿದ್ದೆ ಲೋಕಣ್ಣ" ಎಂದರು. ಪಲ್ಲವಿಯ ಮದುವೆಯ ದಿನ ಛತ್ರದಲ್ಲೂ ಆ ರೆಪ್ಪೆ ಇತ್ತು. ಜಯಮ್ಮನವರು ಬಂದ ನೆಂಟರನ್ನೆಲ್ಲ ಕರೆತಂದು ನನ್ನ ಎಡಗಣ್ಣು ತೋರಿಸಿದರು. ಹಸೆಯ ಮೇಲೆ ಪಲ್ಲವಿಯ ಕಣ್ಣು ಬೆಳ್ಳಗೆ, ಸುತ್ತ ಒಂದು ಕೆಂಪು ಚುಕ್ಕೆಯೂ ಇಲ್ಲದೆ ಹೊಳೆಯುತ್ತಿತ್ತು. ಧಾರೆಯ ಹೊತ್ತಿಗೆ ಶೋಭಾ ಕಂಬದ ಪಕ್ಕ ನಿಂತು ಅದನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ಮಧ್ಯಾಹ್ನ ಊಟ ಮುಗಿಸಿ ಬಿಳಿಗೆರೆಯಿಂದ ಸ್ಕೂಟರಿನಲ್ಲಿ ಹಿಂದಿರುಗುವಾಗ, ಅವಳು ಸಂತೋಷವಾಗಿದ್ದಾಳೆಂದು ತಿಳಿದು, ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

"ಅಲ್ವೇ ಶೋಭಾ, ನಾನು ಮಲಗಿದ್ದರಿಂದ ನಿಂಗೆ ಏನಾದರೂ ಉಪಯೋಗ ಆಯ್ತಾ?"

ಅವಳು ನಿಜವಾಗಿಯೂ ಯೋಚಿಸುತ್ತಿದ್ದಳು.

"ಆಯ್ತು ಕಣ್ರೀ," ಎಂದಳು. "ಮದುವೆಯಾಗಿ ಹತ್ತೊಂಬತ್ತು ವರ್ಷ. ಪಕ್ಕದಲ್ಲಿ ನೀವಿದ್ದೂ ಒಂದು ಗಂಟೆ ಸದ್ದಿಲ್ಲದೆ ಕೆಲಸ ಮಾಡಿದ್ದು ಆವತ್ತೇ."

ನನ್ನ ಹತ್ತಿರ ಇದಕ್ಕೆ ಒಳ್ಳೆಯ ಉತ್ತರವಿತ್ತು. ಹೇಳಲು ಹಿಂದಕ್ಕೆ ತಿರುಗಿದೆ. "ಮುಂದೆ ನೋಡ್ಕಂಡು ಓಡಿಸಿ" ಎಂದಳು.